ಒಳಗ ಬಂದು ಕೇಳ್ರಿ

ಹೋದ ವಾರ ಅಂಧೇರಿ ಸ್ಟೇಷನ್ನಿನ ಪಕ್ಕದ ಒಂದು ಹೊಟೇಲಿನಲ್ಲಿ ಊಟಕ್ಕೆ ಕೂತಿದ್ದೆ. ವೇಟರು ವಿನೆಗರಿನಲ್ಲಿ ನೆನೆಸಿದ ಸಣ್ಣ ಈರುಳ್ಳಿಯ ಬಟ್ಟಲನ್ನು ತಂದು ಸರಿಯಾಗಿ ನನ್ನ ಮೂಗಿನ ಕೆಳಗೆ ಇಟ್ಟು ಹೋದ. ಆ ಹುಳಿವಾಸನೆಗೆ ಉಳಿದವರ ಬಾಯಲ್ಲಿ ನೀರೂರುತ್ತದೆ; ನನಗೆ ಮಾತ್ರ ಸುತ್ತಲೂ ಕತ್ತಲೆ ಕವಿದಂತಾಗುತ್ತದೆ. ಕಪ್ಪು-ಬಿಳುಪು ಫೋಟೋ ತೊಳೆದವರಿಗೆ ಇದು ಗೊತ್ತು. ಕಾಗದದ ಮೇಲೆ ಚಿತ್ರ ಮೂಡುತ್ತ ಮೂಡುತ್ತ, ಇನ್ನು ಸಾಕು ಅನ್ನಿಸಿದ ಕ್ಷಣಕ್ಕೆ ಅದನ್ನೆತ್ತಿ ವಿನೆಗರ್ ಬೆರೆಸಿದ ನೀರಿಗೆ ಹಾಕಬೇಕು. ಇಲ್ಲವಾದರೆ ಅದು ನಿಲ್ಲುವುದಿಲ್ಲ, ಕಪ್ಪಾಗುತ್ತಲೇ ಹೋಗುತ್ತದೆ. ಕೆಂಪು ಬಲ್ಬಿನ ಮಬ್ಬಿನಲ್ಲಿ ಆ ನೀರಿನ ಮೇಲೆ ಬಗ್ಗಿ ನಿಂತು ಕಳೆದ ಮಧ್ಯಾಹ್ನಗಳೆಲ್ಲ ಒಂದು ಈರುಳ್ಳಿ ಬಟ್ಟಲಿನಿಂದ ಎದ್ದು ಬರುತ್ತವೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ.

ಎದುರಿಗೆ ಕೂತಿದ್ದವಳು ಪ್ರೇರಣಾ ಎಂಬ ಹುಡುಗಿ. ಅಂಧೇರಿಯ ಯಾವುದೋ ಆಫೀಸಿನಲ್ಲಿ ಸಿನಿಮಾದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವಳದು. ಅಪ್ಪ-ಅಮ್ಮ ಕುಂದಾಪುರದ ಕಡೆಯವರು, ಇವಳು ಹುಟ್ಟಿ ಬೆಳೆದದ್ದು ಇಲ್ಲೇ ಮುಂಬಯಿಯಲ್ಲಿ. ಈಗಿನ ಹುಡುಗರಿಗೆ ಫಿಲ್ಮ್ ರೋಲಿನ ಹುಚ್ಚು ಮತ್ತೆ ಹಿಡಿದಿದೆ. ಜೋಗೇಶ್ವರಿಯ ನನ್ನ ಗೋಡೌನಿನ ಕಿಟಕಿಗೆ ನಾನು ಅಂಟಿಸಿದ್ದ ಕಾರ್ಡು ನೋಡಿ ಇವಳು ಬಂದಿದ್ದಳು. ಬೇಕಾದದ್ದು ನನ್ನ ಎನ್ಲಾರ್ಜರು. ಅಂದರೆ ಸಣ್ಣ ನೆಗೆಟಿವನ್ನು ದೊಡ್ಡ ಫೋಟೋ ಮಾಡುವ, ನೋಡಲು ಕತ್ತು ಬಗ್ಗಿಸಿದ ಕೊಕ್ಕರೆಯಂತಿರುವ ಯಂತ್ರ.

“ಅಂಕಲ್, ಫೈನಲ್ ಬೋಲೋ ನಾ,” ಎಂದಳು ಪ್ರೇರಣಾ. “ನಾನು ಎಷ್ಟ್ ಸಲ ಬಂದೆ! ಹರ್ ಬಾರ್ ನೀವು ರೇಟ್ ಜಾಸ್ತಿ ಮಾಡ್ತೀರಿ. ಬಾರ್ಗೇನ್ ಮಾಡಿದ್ರೆ ರೇಟ್ ಇಳೀಬೇಕಲ್ಲ? ಏರೋದು ಹೇಗೆ?”

ನನ್ನ ಕೈಯಲ್ಲಿದ್ದ ಈರುಳ್ಳಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಈ ಮಾತನ್ನು ನಾನು ಹಿಂದೆ ಕೇಳಿದ್ದೆ. ಕೇಳಿದ್ದೆ ಎನ್ನುವುದಕ್ಕಿಂತ, ನಾನೇ ಆಡಿದ್ದೆ. ಗೋರೆಗಾಂವಿನಲ್ಲಿ, ಇದೇ ಯಂತ್ರದ ಮುಂದೆ ನಿಂತು, ಕಸ್ತೂರಿಬಾಯಿ ಎಂಬ ಹೆಂಗಸಿಗೆ. ಯಂತ್ರವನ್ನು ಮಾರಬೇಕೆಂದು ಕಾರ್ಡು ಅಂಟಿಸಿದವನೂ ನಾನೇ, ಬಂದ ಗಿರಾಕಿಗೆ ಕೊಡದೆ ಸತಾಯಿಸುತ್ತಿರುವವನೂ ನಾನೇ. ಯಾಕೆಂದು ನನಗೇ ಗೊತ್ತಿರಲಿಲ್ಲ. “ಭಾನುವಾರ ಬಾ ಮಗಾ, ಆಚೆಯೋ ಈಚೆಯೋ ಹೇಳಿಬಿಡ್ತೇನೆ,” ಎಂದು ಅವಳನ್ನು ಕಳಿಸಿದೆ.

ನನ್ನ ಧಂಧೆ ಏನೆಂದು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಮುಚ್ಚಿಹೋಗುವ ಹೊಟೇಲುಗಳ ಸಾಮಾನನ್ನು ಒಟ್ಟಾಗಿ, ಒಂದೇ ಲಾಟಿನಲ್ಲಿ, ಎತ್ತಿಕೊಂಡು, ಹೊಸದಾಗಿ ತೆರೆಯುವ ಹೊಟೇಲಿಗೆ ಮಾರುವುದು. ಗ್ರೈಂಡರು, ಇಡ್ಲಿ ಸ್ಟ್ಯಾಂಡು, ಸ್ಟೀಲಿನ ಕಟ್ಟೆ, ಕಲ್ಲಿನ ಮೇಜು, ಗಲ್ಲಾಪೆಟ್ಟಿಗೆ, ಎಲ್ಲವೂ. ಒಬ್ಬನ ಕಣ್ಣೀರು ಒರೆಸಿದ ಟವೆಲಿನಲ್ಲೇ ಇನ್ನೊಬ್ಬನ ಮೇಜು ಒರೆಸುವ ಕೆಲಸ. ಉಡುಪಿಯ ಕಡೆಯಿಂದ ಬಂದು ಲೋಟ ತೊಳೆಯುವಲ್ಲಿಂದ ಶುರು ಮಾಡಿದವನು ನಾನು. ಯಾರೂ ಕೈ ಹಿಡಿದು ಕಲಿಸಲಿಲ್ಲ. ಆದ್ದರಿಂದ ನಿಮಗೆ ಪುಕ್ಕಟೆಯಾಗಿ ಕಲಿಸುತ್ತೇನೆ, ಕೇಳಿ. ಹಳೆಯ ಸಾಮಾನು ಕೊಳ್ಳಲು ಹೋದಾಗ ಒಂದು ಕಾಲು ಹೊಸಿಲಿನ ಹೊರಗಿರಲಿ. ಬೇಕಾದ ವಸ್ತುವನ್ನು ಬಿಟ್ಟು ಬೇಡದ ವಸ್ತುವಿನ ಬೆಲೆ ಮೊದಲು ಕೇಳಿ. ಗ್ರೈಂಡರನ್ನು ಅಕ್ಕಿ ಹಾಕಿ ತಿರುಗಿಸಿ ನೋಡದೆ ಕೊಳ್ಳಬೇಡಿ. ಮಾಲೀಕನ ಬಾಯಿ ತಿರುಗುವಷ್ಟು ಚೆನ್ನಾಗಿ ಗ್ರೈಂಡರಿನ ಕಲ್ಲು ತಿರುಗುವುದಿಲ್ಲ. ಕೊನೆಯದಾಗಿ, ನಮ್ಮ ಧಂಧೆಯ ದೊಡ್ಡ ಕಟ್ಟಳೆ: ಒಮ್ಮೆ ಲಾಟ್ ಎತ್ತಿದ ಮೇಲೆ ಆ ಮೆಟ್ಟಿಲು ಮತ್ತೆ ಹತ್ತಬಾರದು. ಮಾರಿದವನಿಗೆ ನಿಮ್ಮ ಮುಖ ಕಂಡರೆ ಕಳೆದುಕೊಂಡ ಹೊಟೇಲಿನ ನೆನಪಾಗುತ್ತದೆ, ಹೊಟ್ಟೆ ಉರಿಯುತ್ತದೆ. ದಾರಿಯಲ್ಲಿ ಎದುರಾದರೂ ಬದಿಗೆ ಸರಿದು ಹೋಗುವುದು ಮರ್ಯಾದೆ. ಹೋದ ವಾರದ ತನಕ ಈ ಕಟ್ಟಳೆಯನ್ನು ನಾನು ಎಂದೂ ಮುರಿದವನಲ್ಲ.

ಮದುವೆಯ ವಿಷಯದಲ್ಲೂ ನಾನು ವ್ಯಾಪಾರಿಯೇ. ಇದಕ್ಕಿಂತ ಒಳ್ಳೆಯ ಸಂಬಂಧ ಬರಬಹುದು, ಸ್ವಲ್ಪ ತಡೆಯೋಣ ಎಂದು ಒಂದು ಕಾಲು ಹೊರಗಿಟ್ಟುಕೊಂಡೇ ನಿಂತಿದ್ದೆ. ನಿಂತಿದ್ದಂತೆಯೇ ಅಂಗಡಿ ಮುಚ್ಚಿತು. ಊರಿನಲ್ಲಿ ಅಕ್ಕ ಇದ್ದಾಳೆ, ವರ್ಷಕ್ಕೊಮ್ಮೆ ಹೋಗುತ್ತೇನೆ. ಇಲ್ಲಿ ಗೋಡೌನಿನ ಹಿಂದೆಯೇ ಒಂದು ಕೋಣೆ, ಒಂದು ಅಡಿಗೆಮನೆ. ಒಬ್ಬನಿಗೆ ಧಾರಾಳ.

ಕ್ಯಾಮರಾ ನನ್ನ ಕೈಗೆ ಬಂದದ್ದೂ ಲಾಟಿನಲ್ಲೇ. ವಿಲೇಪಾರ್ಲೆಯಲ್ಲಿ ಮುಚ್ಚಿದ ಒಂದು ಹೊಟೇಲಿನ ಮಾಲೀಕ, ಚಮಚದ ಡಬ್ಬಿಯ ಜೊತೆ ಒಂದು ಹಳೇ ಕ್ಯಾಮರಾವನ್ನೂ, ಅವಧಿ ಮುಗಿದ ಕಪ್ಪು-ಬಿಳುಪು ರೋಲುಗಳ ಒಂದು ಚೀಲವನ್ನೂ ಎಸೆದು, “ಇದನ್ನೂ ತಕೊಂಡು ಹೋಗು ಮಾರಾಯ, ಮಗನ ಶೋಕಿ,” ಎಂದಿದ್ದ. ಆಮೇಲೆ ಎಷ್ಟೋ ಜನ ನನ್ನನ್ನು, ನೀವು ಯಾಕೆ ಬಣ್ಣದಲ್ಲಿ ತೆಗೆಯುವುದಿಲ್ಲ, ಕಪ್ಪು-ಬಿಳುಪಿನಲ್ಲಿ ಏನು ಕಂಡಿರಿ ಎಂದು ಗಂಭೀರವಾಗಿ ಕೇಳಿದ್ದಾರೆ. ನಾನೂ ಗಂಭೀರವಾಗಿ ತಲೆ ಆಡಿಸಿದ್ದೇನೆ. ಪುಕ್ಕಟೆ ಸಿಕ್ಕಿದ್ದನ್ನೇ ವರ್ಷಗಟ್ಟಲೆ ಬಳಸಿದರೆ ಜನ ಅದನ್ನು ಅಭಿರುಚಿ ಎಂದು ಕರೆಯುತ್ತಾರೆ.

ಧಂಧೆಗಾಗಿ ನಾನು ದಿನವೂ ಲೋಕಲ್ಲಿನಲ್ಲಿ ಓಡಾಡುವವನು. ಇಂದು ವಿರಾರ್, ನಾಳೆ ದಾದರ್, ನಾಡಿದ್ದು ಎಲ್ಲೋ ಹೊಟೇಲು ಮುಚ್ಚುತ್ತಿದೆಯಂತೆ ಎಂಬ ಗಾಳಿಸುದ್ದಿ ಹಿಡಿದು ಇನ್ನೆಲ್ಲೋ. ಕ್ಯಾಮರಾ ಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ಕೂತಿರುತ್ತಿತ್ತು. ಪ್ರಯಾಣದಲ್ಲಿ ಫೋಟೋ ತೆಗೆಯುವ ಆಸೆ ನಿಮಗಿದ್ದರೆ ಇದನ್ನು ನೆನಪಿಡಿ: ಬೆಳಿಗ್ಗೆ ಎಲ್ಲರೂ ಚರ್ಚ್‌ಗೇಟಿನ ಕಡೆ ಹೋಗುವಾಗ ನೀವು ಬೋರಿವಲಿಯ ಕಡೆ ಹೋಗಿ. ಗಾಡಿ ಖಾಲಿ ಇರುತ್ತದೆ. ಬಿಸಿಲು ಬಲಗಡೆಯ ಕಿಟಕಿಯಿಂದ ಓರೆಯಾಗಿ ಒಳಗೆ ಬಂದು, ಮೇಲೆ ಸಾಲಾಗಿ ನೇತಾಡುವ ಹಿಡಿಕೆಗಳ ನೆರಳನ್ನು ಎದುರಿನ ಸೀಟುಗಳ ಮೇಲೆ ಆಡಿಸುತ್ತದೆ. ಒಂದು ಹಿಡಿಕೆಯನ್ನೂ ಯಾರೂ ಹಿಡಿದಿರುವುದಿಲ್ಲ, ಆದರೂ ಎಲ್ಲವೂ ಒಟ್ಟಿಗೆ ತೂಗುತ್ತವೆ. ಅದನ್ನು ನಾನು ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. ಮುಚ್ಚಿದ ಹೊಟೇಲುಗಳನ್ನೂ ತೆಗೆಯುತ್ತಿದ್ದೆ. ಮೇಜಿನ ಮೇಲೆ ತಲೆಕೆಳಗಾಗಿ ಏರಿಸಿಟ್ಟ ಕುರ್ಚಿಗಳು. ಗಲ್ಲಾದ ಹಿಂದಿನ ಗೋಡೆಯಲ್ಲಿ, ಸ್ಥಾಪಕರ ಫೋಟೋ ಇಳಿಸಿದ ಜಾಗದಲ್ಲಿ ಉಳಿದ ಬಿಳಿಯ ಚೌಕ. ಸುತ್ತ ವರ್ಷಾನುಗಟ್ಟಲೆಯ ಒಗ್ಗರಣೆ ಹೊಗೆಯ ಮಸಿ.

ರೋಲುಗಳು ತುಂಬುತ್ತ ಹೋದವು. ತೊಳೆದು ಕೊಡುವವರು ಎಲ್ಲಿ? ಸ್ಟುಡಿಯೋಗಳೆಲ್ಲ ಮೊಬೈಲ್ ಕವರಿನ ಅಂಗಡಿಗಳಾಗಿದ್ದವು. ಹೀಗಿರುವಾಗ ಒಂದು ಮಧ್ಯಾಹ್ನ ಗೋರೆಗಾಂವಿನಲ್ಲಿ, ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಒಂದು ಹಳೇ ಸ್ಟುಡಿಯೋದ ಗಾಜಿನ ಮೇಲೆ ಕಾರ್ಡೊಂದು ಕಂಡಿತು. ಮೇಲೆ ಹಿಂದಿಯಲ್ಲಿ ಏನೋ ದೊಡ್ಡದಾಗಿ ಬರೆದಿತ್ತು. ಅದನ್ನು ಓದದೆ ಮುಂದೆ ಹೋಗುತ್ತಿದ್ದೆನೇನೋ. ಕೆಳಗೆ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ, ಕನ್ನಡ ಇತ್ತು. ಮುಂಬಯಿಯ ಗಲ್ಲಿಯಲ್ಲಿ ಕನ್ನಡದ ಅಕ್ಷರ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. “ಫೋಟೋ ಮಷೀನ್ ಮಾರೂದೈತಿ. ಒಳಗ ಬಂದು ಕೇಳ್ರಿ.”

ಒಳಗೆ ಹೋಗಿ ಕೇಳಿದೆ. ಕೌಂಟರಿನ ಹಿಂದೆ, ನೀರಿನಿಂದ ಬೆರಳ ತುದಿ ಸುಕ್ಕುಗಟ್ಟಿದ್ದ, ನನ್ನದೇ ವಯಸ್ಸಿನ ಹೆಂಗಸು, ಕಸ್ತೂರಿಬಾಯಿ. ಗದಗಿನ ಕಡೆಯವರು. ಗಂಡ ಸ್ಟುಡಿಯೋ ನಡೆಸುತ್ತಿದ್ದರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಗಂಡ ಹೊರಗೆ ‘ಸ್ಮೈಲ್ ಪ್ಲೀಸ್’ ಎನ್ನುವಾಗ ಒಳಗೆ ಕತ್ತಲೆ ಕೋಣೆಯಲ್ಲಿ ತೊಳೆಯುವ ಕೆಲಸವೆಲ್ಲ ಈಕೆಯದೇ ಆಗಿತ್ತಂತೆ.

“ಬರ್ರಿ ಶೆಟ್ರ,” ಎಂದರು. ನಾನು ಶೆಟ್ಟಿಯಲ್ಲ. ಆದರೆ ಈ ಊರಿನಲ್ಲಿ ಕರಾವಳಿಯ ಮಾತು ಬಾಯಿಂದ ಬಿದ್ದವನೆಲ್ಲ ಶೆಟ್ಟಿಯೇ. ತಿದ್ದುವುದನ್ನು ನಾನು ಎಂದೋ ಬಿಟ್ಟಿದ್ದೆ.

“ಎಂತ ಯಂತ್ರ ಅದು? ನಡೀತದಾ?”

“ನಡೀಲಾರದ್ದಕ್ಕ ಯಾರರ ಕಾರ್ಡ್ ಹಚ್ತಾರೇನ್ರಿ? ನಡೀತೈತಿ, ನಡಸೋರಿಲ್ಲ. ಬದುಕಿದ್ದೋರೆಲ್ಲ ಬಣ್ಣಕ್ಕ ಹೋದ್ರು. ಸತ್ತೋರಷ್ಟ ನನ್ನ ಕಡೆ ಬರ್ತಾರ.”

ಹಾರ ಹಾಕುವ ಫೋಟೋಗಳ ಮಾತು ಅದು. ಯಾರಾದರೂ ತೀರಿಕೊಂಡರೆ ಮನೆಯವರು ಮದುವೆಯ ಗ್ರೂಪ್ ಫೋಟೋ ತಂದು, ಈ ಮುಖ ಒಂದನ್ನು ದೊಡ್ಡದು ಮಾಡಿಕೊಡಿ ಎನ್ನುತ್ತಿದ್ದರು. ಉಳಿದಿದ್ದ ವ್ಯಾಪಾರ ಅಷ್ಟೇ.

ಬೆಲೆ ಹೇಳಿದರು. ನಾನು ಒಂದು ಕಾಲು ಹೊರಗಿಟ್ಟು, ಪಕ್ಕದಲ್ಲಿದ್ದ ಮುರುಕು ಸ್ಟೂಲಿನ ಬೆಲೆ ಕೇಳಿದೆ. ಅವರು ನಕ್ಕರು. “ಸ್ಟೂಲ್ ಯಾಕ, ಸುಸ್ತಾಗೈತೇನು? ಕೂಡ್ರಿ. ಚಾ ಅರ್ಧ ಕುಡಿತೀರೋ, ಪೂರ್ತಿ ಕುಡಿತೀರೋ?”

“ಅರ್ಧ ಸಾಕು.” ಯಾವ ವ್ಯಾಪಾರದಲ್ಲೂ ನಾನು ಪೂರ್ತಿ ಚಾ ಕುಡಿಯುವುದಿಲ್ಲ. ಪೂರ್ತಿ ಕುಡಿದರೆ ಹಂಗಿಗೆ ಬೀಳುತ್ತೇವೆ, ನಿಮಗೂ ಹೇಳಿಟ್ಟಿರುತ್ತೇನೆ.

ಯಂತ್ರಕ್ಕೆ ನನ್ನ ಕಡಿಮೆ ಬೆಲೆಯನ್ನು ಹೇಳಿ, ತಿರುಗಿಸಿ ನೋಡದೆ ಕೊಳ್ಳುವುದಿಲ್ಲ ಎಂದು ಷರತ್ತು ಹಾಕಿದೆ. ಆಗಲಿ, ರೋಲು ಬಿಟ್ಟು ಹೋಗಿ, ತೊಳೆದಿಡುತ್ತೇನೆ, ಮುಂದಿನ ವಾರ ಬನ್ನಿ, ಒಂದು ಫೋಟೋ ಮಾಡಿ ತೋರಿಸುತ್ತೇನೆ ಎಂದರು. ಹೀಗೆ ಶುರುವಾಯಿತು. ವಾರಕ್ಕೊಮ್ಮೆ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಶಟರು ಅರ್ಧ ಎಳೆದು, ಒಳಗಿನ ಕತ್ತಲೆಯಲ್ಲಿ ಒಂದು ಫೋಟೋ. ಒಂದೇ. ಎರಡನೆಯದಕ್ಕೆ ಮುಂದಿನ ವಾರ. ಒಂದು ಫೋಟೋದಿಂದ ಯಂತ್ರದ ಆರೋಗ್ಯ ತಿಳಿಯುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಹಂಗಾದ್ರ ಮತ್ತ ಬರ್ರಿ ಎಂದು ಅವರು ಒಪ್ಪುತ್ತಿದ್ದರು.

ಅವರ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಟ್ಟಲಿನಲ್ಲಿ ಕಾಗದವನ್ನು ಮೆಲ್ಲಗೆ ತೂಗುತ್ತ, ನನ್ನ ಖಾಲಿ ಕುರ್ಚಿಗಳು ಮೂಡುವುದನ್ನು ನೋಡಿ, “ಮತ್ತ ಕುರ್ಚಿ! ಮನುಷ್ಯಾರು ಎಲ್ಲಿ ಹೋಗ್ಯಾರ್ರೀ ನಿಮ್ಮ ಮುಂಬಯ್ಯಾಗ?” ಎನ್ನುತ್ತಿದ್ದರು.

“ಮನುಷ್ಯರು ಅಲ್ಲಾಡ್ತಾರೆ, ಫೋಟೋ ಹಾಳಾಗ್ತದೆ.”

“ಅದಲ್ರಿ. ನಿಮ್ಮ ಕಣ್ಣು ಲಾಟ್ ನೋಡೋ ಕಣ್ಣು. ಕುರ್ಚಿಗೆ ರೇಟ್ ಹಚ್ಚಾಕ ಬರ್ತೈತಿ, ಮನುಷ್ಯಾಗ ಹಚ್ಚಾಕ ಬರೂದಿಲ್ಲ. ಅದಕ ಬಿಟ್ಟಬಿಡ್ತೀರಿ.”

ಕತ್ತಲೆಯಿದ್ದದ್ದು ಒಳ್ಳೆಯದಾಯಿತು, ನನ್ನ ಮುಖ ಅವರಿಗೆ ಕಾಣಲಿಲ್ಲ.

ವಿಚಿತ್ರವೆಂದರೆ ಅವರ ಬೆಲೆ. ಲೋಕದಲ್ಲಿ ಎಲ್ಲ ಬೆಲೆಯೂ ಚೌಕಾಶಿಗೆ ಇಳಿಯುತ್ತದೆ, ಇವರದು ಏರುತ್ತಿತ್ತು. ನಾನು ಹಿಂದಿನ ವಾರದ ಬೆಲೆಯ ಹತ್ತಿರ ಹತ್ತಿರ ಬಂದೆ ಎನ್ನುವಾಗ ಇವರು ಇನ್ನಷ್ಟು ಮೇಲೆ ಹೋಗಿರುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದೆ: “ಇದೆಂತ ಬಾಯಿಯವರೇ, ಚೌಕಾಶಿ ಮಾಡಿದ್ರೆ ರೇಟು ಇಳಿಯುವುದು ಬಿಟ್ಟು ಏರುವುದುಂಟಾ? ನಿಮಗೆ ವ್ಯಾಪಾರ ಗೊತ್ತಿಲ್ಲ. ನಾನು ಹೇಳಿಕೊಡ್ತೇನೆ ಕೇಳಿ.” ಹೇಳಿಕೊಟ್ಟೆ ಕೂಡ. ಮೊದಲು ಹೆಚ್ಚು ಹೇಳಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು, ಗಿರಾಕಿಗೆ ತಾನು ಗೆದ್ದೆ ಅನ್ನಿಸಬೇಕು ಎಂದು ಉದ್ದಕ್ಕೆ ಪಾಠ ಮಾಡಿದೆ. ಕಸ್ತೂರಿಬಾಯಿ ಗಲ್ಲಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದರು. “ಭಾಳ ಶಾಣ್ಯಾ ಅದೀರಿ ಶೆಟ್ರ,” ಎಂದರು. ಹೊಗಳಿಕೆಯೆಂದೇ ತಿಳಿದೆ.

ಆ ಚಳಿಗಾಲದ ಕೊನೆಯಲ್ಲಿ ವಸಾಯಿಯಲ್ಲಿ ಒಂದು ಹೊಟೇಲು ಮುಚ್ಚುವ ಸುದ್ದಿ ಬಂತು. ಮಾತಿಗೆ ಅವರ ಮುಂದೆ ಹೇಳಿದೆ. ನಾನೂ ಬರ್ತೀನಿ, ಖಾಡಿ ನೋಡದೆ ಭಾಳ ದಿನ ಆತು, ಎಂದರು. ಭಯಂದರಿನ ಆಚೆಗೆ ರೈಲು, ಸಮುದ್ರ ಒಳನುಗ್ಗಿದ ಆ ಖಾಡಿಯ ಸೇತುವೆ ಹತ್ತುತ್ತದಲ್ಲ, ಅಲ್ಲಿ ಸ್ವಲ್ಪ ಹೊತ್ತು ಎರಡೂ ಕಡೆ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಅದನ್ನು ನೋಡಬೇಕಂತೆ.

ಒಟ್ಟಿಗೆ ಹೋದೆವು ಎಂದರೆ ನೀವು ತಪ್ಪು ತಿಳಿಯಬಾರದು. ಲೋಕಲ್ಲಿನಲ್ಲಿ ಒಟ್ಟಿಗೆ ಹೋಗುವುದೆಂದರೆ ಅವರು ಲೇಡೀಸ್ ಡಬ್ಬಿಯಲ್ಲಿ, ನಾನು ಜನರಲ್ಲಿನಲ್ಲಿ. ನಡುವೆ ಕಬ್ಬಿಣದ ಜಾಳಿಗೆ. ಅವರು ಜಾಳಿಗೆಯ ಆಚೆ ಕೂತರು, ನಾನು ಈಚೆ. ಗಾಡಿ ಹೊರಟ ಮೇಲೆ ಅವರು ಜಾಳಿಗೆಯ ಸಂದಿನಿಂದ ಹುರಿದ ಶೇಂಗಾ ದಾಟಿಸಿದರು. ಒಂದೊಂದಾಗಿ, ದೇವರಿಗೆ ಹೂವು ಏರಿಸುವಂತೆ. ಸಂದು ಸಣ್ಣದು, ಹಿಡಿ ಹಿಡಿಸುವುದಿಲ್ಲ. ಅವರ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಬಾಯಿಯೊಬ್ಬಳು ಇದನ್ನು ನೋಡಿ ನೋಡಿ, “ಅಗೋ ಬಾಯಿ, ತುಝಾ ನವರಾ ಉಪಾಶೀ ಆಹೇ ಕಾಯ್?” ಎಂದು ಕೂಗಿದಳು. ಗಂಡನಿಗೆ ಮನೆಯಲ್ಲಿ ಉಪವಾಸವೇನು ಎಂದು. ಡಬ್ಬಿಯ ಹೆಂಗಸರೆಲ್ಲ ನಕ್ಕರು. ಕಸ್ತೂರಿಬಾಯಿ ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಇನ್ನೊಂದು ಶೇಂಗಾ ದಾಟಿಸಿದರು.

ಸೇತುವೆ ಬಂತು. ಗಾಡಿಯ ಸದ್ದು ಬದಲಾಯಿತು. ನೀರಿನ ಬೆಳಕು ಕೆಳಗಿನಿಂದ ಎದ್ದು ಡಬ್ಬಿಯ ಚಾವಣಿಯ ಮೇಲೆಲ್ಲ ಆಡಿತು. ನಾನು ಕ್ಯಾಮರಾ ಹೊರಗೆ ತೆಗೆದು ಎಂದಿನಂತೆ ಹಿಡಿಕೆಗಳ ಕಡೆ ತಿರುಗಿಸಿದೆ.

“ಶೆಟ್ರ,” ಎಂದರು ಜಾಳಿಗೆಯ ಆಚೆಯಿಂದ. “ಈ ಕಡೆ.”

ತಿರುಗಿದೆ. ಅವರು ಸೆರಗು ಸರಿಮಾಡಿಕೊಂಡು ನೇರವಾಗಿ ನನ್ನ ಕಡೆ ನೋಡುತ್ತಿದ್ದರು. ಮುಖದ ಮೇಲೆ ಜಾಳಿಗೆಯ ನೆರಳಿನ ಚೌಕ, ಚೌಕದೊಳಗೆ ನೀರಿನ ಬೆಳಕು. ಗುಂಡಿ ಒತ್ತಿದೆ. ಅಷ್ಟರಲ್ಲಿ ಒಬ್ಬ ಕಾಲೇಜು ಹುಡುಗಿ, “ಅಂಕಲ್, ಹಮಾರಾ ಭೀ ಲೋ ನಾ!” ಎಂದು, ತಮ್ಮದೂ ಒಂದು ಫೋಟೋ ತೆಗೆಯಿರೆಂದು ಕೂಗಿ, ಎಲ್ಲರೂ ಮತ್ತೆ ನಕ್ಕು, ಸೇತುವೆ ಮುಗಿದುಹೋಯಿತು. ವಸಾಯಿಯ ಹೊಟೇಲಿನಲ್ಲಿ ನಾನು ಆ ದಿನ ಏನೂ ಕೊಳ್ಳಲಿಲ್ಲ. ಸಾಮಾನು ಸರಿಯಿರಲಿಲ್ಲವೆಂದಲ್ಲ, ನೋಡಿದ್ದು ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ.

ಮುಂದಿನ ವಾರ ಆ ನೆಗೆಟಿವನ್ನು ಯಂತ್ರಕ್ಕೆ ಹಾಕಿದರು. ಕೆಂಪು ಬೆಳಕಿನಲ್ಲಿ, ಬಟ್ಟಲಿನ ಬಿಳಿಯ ಕಾಗದದಲ್ಲಿ, ಮೊದಲು ಜಾಳಿಗೆ ಬಂತು, ಆಮೇಲೆ ಕಣ್ಣು. ಕಸ್ತೂರಿಬಾಯಿ ಅದನ್ನು ವಿನೆಗರಿನ ನೀರಿಗೆ ಹಾಕುವುದನ್ನು ಒಂದು ಗಳಿಗೆ ತಡಮಾಡಿದರು. ಆದ್ದರಿಂದಲೇ ಆ ಫೋಟೋ ಬೇಕಾದದ್ದಕ್ಕಿಂತ ಸ್ವಲ್ಪ ಕಪ್ಪು. ಹಾರ ಹಾಕುವ ಮುಖಗಳನ್ನೇ ಮಾಡುತ್ತ ಬಂದ ಹೆಂಗಸು, ಬದುಕಿರುವ ತನ್ನ ಮುಖವನ್ನು ಅಲ್ಲಿ ನೋಡಿದ್ದು.

ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು: “ಮಷೀನ್ ಒಯ್ದು ಎಲ್ಲಿ ಇಡ್ತೀರಿ?”

“ಅಡಿಗೆಮನೆಯಲ್ಲಿ. ಕಿಟಕಿಗೆ ಕಂಬಳಿ ಕಟ್ಟಿದ್ರೆ ಆಯ್ತು.”

“ಒಬ್ಬರ?”

“ಒಬ್ಬನೇ.”

ಫೋಟೋವನ್ನು ನೀರಿನಲ್ಲಿ ಇನ್ನೊಮ್ಮೆ ಅದ್ದಿ ತೆಗೆದರು. “ಹಂಗಾದ್ರ ಒಯ್ರಿ. ನೀವು ಮೊದಲ ದಿನ ಹೇಳಿದ ರೇಟಿಗೇ ಒಯ್ರಿ.”

ಇಂಥ ಮಾತು ಕಿವಿಗೆ ಬಿದ್ದರೆ ನನ್ನಂಥವನ ಕೈ ತಲೆಯನ್ನು ಕೇಳುವುದಿಲ್ಲ. ವರ್ಷಗಳ ಅಭ್ಯಾಸ, ಮಾರುವವನು ಸೋತ ಕ್ಷಣದಲ್ಲಿ ವ್ಯಾಪಾರ ಮುಚ್ಚಬೇಕು, ಮನಸ್ಸು ಬದಲಿಸಲು ಉಸಿರಾಡುವಷ್ಟು ಸಮಯವನ್ನೂ ಕೊಡಬಾರದು. “ಪಕ್ಕಾ,” ಎಂದು ಅಂಗೈ ಮುಂದೆ ಚಾಚಿದೆ. ಅವರು ನನ್ನ ಅಂಗೈಯನ್ನು ನೋಡಿದರು. ಆಮೇಲೆ ತಮ್ಮ ಒದ್ದೆ ಬೆರಳನ್ನು ಅದಕ್ಕೆ ತಾಗಿಸಿ, “ಪಕ್ಕಾ,” ಎಂದರು. ಮರುದಿನವೇ ಟೆಂಪೋ ತಂದು ಎತ್ತಿದೆ. ಸ್ಟೂಲನ್ನು ಅವರೇ ಜೊತೆಗೆ ಹಾಕಿದರು. ಆ ಫೋಟೋವನ್ನೂ ಕೊಟ್ಟರು. ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಜೋಗೇಶ್ವರಿಯವರೆಗೂ ಹಿಗ್ಗಿದ್ದೆ: ಏರುತ್ತಿದ್ದ ಬೆಲೆಯನ್ನು ಒಂದೇ ಏಟಿಗೆ ಕೆಳಗಿಳಿಸಿದ ನನ್ನ ಜಾಣ್ಮೆಗೆ.

ಕಂಬಳಿ ಕಟ್ಟಿದೆ. ಲಾಟಿನಲ್ಲಿ ಬಂದ ಅಗಲ ತಟ್ಟೆಗಳಲ್ಲಿ ಔಷಧ ಕಲಸಿದೆ, ಹೊಟೇಲಿನ ವಿನೆಗರ್ ಸುರಿದೆ. ಫೋಟೋ ಬಂತು, ಬರದೆ ಏನು. ಖಾಲಿ ಹಿಡಿಕೆಗಳು, ಖಾಲಿ ಕುರ್ಚಿಗಳು. “ಮತ್ತ ಕುರ್ಚಿ!” ಎನ್ನುವವರಿರಲಿಲ್ಲ. ಕತ್ತಲೆಯಲ್ಲಿ ಒಬ್ಬನೇ ನಿಂತರೆ ಕತ್ತಲೆ ಬೇರೆಯೇ ಇರುತ್ತದೆ ಎಂಬುದು ಆಗ ತಿಳಿಯಿತು. ಗೋರೆಗಾಂವಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಿದೆನಲ್ಲ, ಲಾಟ್ ಎತ್ತಿದ ಮೆಟ್ಟಿಲು. ಗಂಡನ ಯಂತ್ರ ಕಳೆದುಕೊಂಡ ಹೆಂಗಸಿಗೆ ನನ್ನ ಮುಖ ತೋರಿಸಿ ನೋಯಿಸಬಾರದು ಎಂದೇ, ಮರ್ಯಾದೆಯಿಂದಲೇ, ನಾನು ಹೋಗಲಿಲ್ಲ. ರಿಕ್ಷಾದಲ್ಲಿ ಆ ದಾರಿಯಾಗಿ ಒಮ್ಮೆ ಹೋದದ್ದುಂಟು. ಗಾಜಿನ ಮೇಲೆ ಆ ಕಾರ್ಡು ಇನ್ನೂ ಇತ್ತು. ಮಾಲು ಹೋದ ಮೇಲೂ ಬೋರ್ಡು ತೆಗೆಯದ ವ್ಯಾಪಾರಿಯನ್ನು ನಾನು ಮೊದಲ ಬಾರಿ ಕಂಡದ್ದು. ಎಷ್ಟು ಹೇಳಿಕೊಟ್ಟರೂ ಇವರು ಕಲಿಯಲಿಲ್ಲವಲ್ಲ ಎಂದುಕೊಂಡೆ. ರಿಕ್ಷಾ ನಿಲ್ಲಿಸಲಿಲ್ಲ.

ಈಗ ಹೇಳಿ, ಅಂಧೇರಿಯ ಆ ಹೊಟೇಲಿನಿಂದ ಎದ್ದು ಬಂದವನಿಗೆ ನಿದ್ದೆ ಹೇಗೆ ಬರಬೇಕು? ಪ್ರೇರಣಾಳಿಗೆ ನಾನು ಯಾಕೆ ಬೆಲೆ ಏರಿಸುತ್ತಿದ್ದೇನೆ? ಆ ಹಣದಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ನಿಜ ಹೇಳುತ್ತೇನೆ: ಒಪ್ಪಿದರೆ ಅವಳು ಯಂತ್ರ ಎತ್ತಿಕೊಂಡು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಏರಿಸಿದರೆ ಮುಂದಿನ ವಾರ ಬರುತ್ತಾಳೆ. ಬಂದು, ಕಾಲಾಡಿಸುತ್ತ ಸ್ಟೂಲಿನ ಮೇಲೆ ಕೂತು, ಅರೆಬರೆ ಕನ್ನಡದಲ್ಲಿ ಜಗಳವಾಡುತ್ತಾಳೆ. ಇಷ್ಟೇ. ಮಾರುವವನ ಜಾಗದಲ್ಲಿ ನಿಂತ ಮೇಲೆ ಕಸ್ತೂರಿಬಾಯಿಯ ಏರುವ ಬೆಲೆ ನನಗೆ ಅರ್ಥವಾಯಿತು. ಅವರಿಗೆ ವ್ಯಾಪಾರ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ.

ಮರುದಿನ ಬೆಳಿಗ್ಗೆ ಆ ಫೋಟೋವನ್ನು ಚೀಲದಲ್ಲಿಟ್ಟುಕೊಂಡು ಗೋರೆಗಾಂವಿಗೆ ಹೋದೆ. ಲೋಕಲ್ಲಿನಲ್ಲಿ ಕೂರುವುದರೊಳಗೆ ಇಳಿಯುವ ದೂರ. ಇಷ್ಟು ವರ್ಷ ಇಷ್ಟೇ ದೂರದಲ್ಲಿದ್ದೆ. ಸ್ಟುಡಿಯೋ ಇದ್ದಲ್ಲಿ ಕೇಕಿನ ಅಂಗಡಿ. ಎದುರಿನ ಪಾನ್‌ವಾಲಾ ಹಳಬ, ಹೆಸರು ಹೇಳಿದ ಕೂಡಲೇ, “ಕಸ್ತೂರಿ ಆಂಟೀ? ವೋ ತೋ ಗಾಂವ್ ಚಲೀ ಗಯೀ, ಕಬ್ ಕೀ!” ಎಂದ. ಊರಿಗೆ ಹೋಗಿ ಎಷ್ಟೋ ಕಾಲವಾಯಿತು, ಗದಗಿನ ಕಡೆ ತಂಗಿಯ ಮನೆಗೆ. ನಂಬರು ಯಾರ ಹತ್ತಿರವೂ ಇಲ್ಲ.

“ನೀವು ಯಂತ್ರ ಕೇಳಲು ಬಂದವರಾ?” ಎಂದು ಅವನೇ ಹಿಂದಿಯಲ್ಲಿ ಮುಂದುವರಿಸಿದ. “ಆ ಯಂತ್ರವನ್ನು ಯಾರೋ ಶೆಟ್ಟಿ ಎಂದೋ ಒಯ್ದ. ಆದರೂ ಆಂಟಿ ಕಾರ್ಡು ತೆಗೆಯಲಿಲ್ಲ ನೋಡಿ. ಜನ ಬಂದು ಕೇಳುವುದು, ಇವರು ಇಲ್ಲ ಎಂದು ಕಳಿಸುವುದು. ನಾನು ಎಷ್ಟು ಸಲ ಹೇಳಿದೆ, ಆಂಟೀ, ಅದನ್ನು ಕಿತ್ತು ಬಿಸಾಡಿ ಅಂತ. ಇರಲಿ ಬಿಡು, ಬರುವವರಿಗೆ ಬರಲು ಏನಾದರೂ ನೆಪ ಬೇಕಲ್ಲ, ಅನ್ನುತ್ತಿದ್ದರು. ಅಂಗಡಿ ಖಾಲಿ ಮಾಡುವ ದಿನದವರೆಗೂ ಅದು ಅಲ್ಲೇ ಇತ್ತು.”

ನಾನು ಕೇಕಿನ ಅಂಗಡಿಯ ಗಾಜನ್ನು ನೋಡುತ್ತ ನಿಂತೆ. ರಿಕ್ಷಾದಿಂದ ನೋಡಿದ್ದೆನಲ್ಲ. ಓದಿದ್ದೆನಲ್ಲ. ಒಳಗ ಬಂದು ಕೇಳ್ರಿ. ಪಕ್ಕದ ಟಪರಿಯಲ್ಲಿ ಚಾ ಹೇಳಿದೆ. ಕಟಿಂಗಾ, ಅಂದರೆ ಅರ್ಧವಾ, ಎಂದು ಹುಡುಗ ಕೇಳಿದ. ಪೂರ್ತಿ ಎಂದೆ. ಕುಡಿದು ಮುಗಿಸಲು ಬಹಳ ಹೊತ್ತು ಬೇಕಾಯಿತು.

ಭಾನುವಾರ ಪ್ರೇರಣಾ ಬಂದಳು, ಜಗಳಕ್ಕೆ ಸಿದ್ಧವಾಗಿಯೇ. “ನೀನು ಮೊದಲ ದಿನ ಎಂತ ಹೇಳಿದ್ದಿ, ಅಷ್ಟಕ್ಕೇ ತಕೊಂಡು ಹೋಗು,” ಎಂದೆ. ಅವಳು ಕುಣಿದು ಅಂಗೈ ಚಾಚಿದಳು. ನಾನು ಕೈ ಕೊಡಲಿಲ್ಲ. “ತಡೆ. ಒಂದು ಮಾತುಂಟು. ಒಯ್ದ ಮೇಲೂ ಬರಬೇಕು. ಮಾಡಿದ ಫೋಟೋ ತಂದು ತೋರಿಸಬೇಕು. ಮತ್ತೆ, ಖಾಲಿ ಕುರ್ಚಿ ತೆಗೆಯಬಾರದು.”

“ಕುರ್ಚಿ? ಯಾಕೆ ಅಂಕಲ್, ಅದು ಮಸ್ತ್ ಬರ್ತದಲ್ಲ?”

“ಮಸ್ತ್ ಬರ್ತದೆ. ಅದಕ್ಕೇ ಹೇಳಿದ್ದು.”

ಅವಳ ಗೆಳೆಯರು ಯಂತ್ರವನ್ನು ಗಾಡಿಗೆ ಏರಿಸಿದರು. ಅಡಿಗೆಮನೆಯಲ್ಲಿ ಅದು ನಿಂತಿದ್ದ ಜಾಗ ಬೆಳ್ಳಗೆ ಉಳಿಯಿತು, ಸುತ್ತ ಒಗ್ಗರಣೆಯ ಮಸಿ. ಕಂಬಳಿ ಬಿಚ್ಚಿದೆ. ಎಷ್ಟೋ ವರ್ಷಗಳ ಮೇಲೆ ಆ ಕಿಟಕಿಯಿಂದ ಬೆಳಕು ಬಂತು. ಗೋಡೆಯಲ್ಲಿ ಈಗ ಕಸ್ತೂರಿಬಾಯಿಯ ಫೋಟೋ ಇದೆ, ಜಾಳಿಗೆಯ ಆಚೆಯಿಂದ ನೋಡುತ್ತ. ಹಾರ ಹಾಕಿಲ್ಲ, ಹಾಕುವುದೂ ಇಲ್ಲ. ಅವರು ಗದಗಿನ ಕಡೆ ಇದ್ದಾರೆ.

ಹೊರಡುವ ಮೊದಲು ಪ್ರೇರಣಾ ಗೋಡೌನಿನ ಕಿಟಕಿಯ ಮುಂದೆ ನಿಂತಳು. ಅಲ್ಲಿ ನನ್ನ ಕಾರ್ಡು ಇತ್ತು. ಆ ದಿನ ಬೆಳಿಗ್ಗೆ ಅದರ ಕೆಳಮೂಲೆಯಲ್ಲಿ ನಾನು ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೆ, ನನ್ನದಲ್ಲದ, ಗದಗಿನ ಕಡೆಯ ಕನ್ನಡದಲ್ಲಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

“ಅಂಕಲ್, ಮಷೀನ್ ತೋ ಬಿಕ್ ಗಯಾ, ಮಾರಿ ಆಯ್ತಲ್ಲ,” ಎಂದಳು, ಉಗುರಿನಿಂದ ಟೇಪಿನ ಅಂಚು ಎಬ್ಬಿಸುತ್ತ. “ಇದು ತೆಗೀಲಾ?”

“ಬೇಡ,” ಎಂದೆ. “ಇರಲಿ ಬಿಡು.”